ಸಿಎಲ್‌ಎಲ್ ರಿಪೋರ್ಟಿನಲ್ಲಿ 'ಮ್ಯುಟೇಟೆಡ್' ಅಂತಿದೆ, ಆದರೂ 3-21 ನೋಡಿ ಡಾಕ್ಟರ್ ಹುಷಾರು ಅಂದದ್ದು ಯಾಕೆ?

ಪ್ರಶ್ನೆ: ಡಾಕ್ಟರ್, ನನ್ನ ಅಮ್ಮನಿಗೆ 58 ವರ್ಷ. ಬೇರೆ ಏನಕ್ಕೋ ರಕ್ತ ಪರೀಕ್ಷೆ ಮಾಡಿಸಿದಾಗ ಬಿಳಿ ರಕ್ತಕಣ ಜಾಸ್ತಿ ಇರುವುದು ಗೊತ್ತಾಯಿತು. ಆಮೇಲೆ ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ, ಅಂದರೆ ಸಿಎಲ್‌ಎಲ್ ಅಂತ ಖಚಿತವಾಯಿತು. ಅಮ್ಮ ಆರಾಮಾಗಿದ್ದಾರೆ. ಸುಸ್ತಿಲ್ಲ, ಜ್ವರ ಇಲ್ಲ. ಜೀನ್ ಟೆಸ್ಟಿನ ರಿಪೋರ್ಟಿನಲ್ಲಿ 'ಐಜಿಎಚ್‌ವಿ ಮ್ಯುಟೇಟೆಡ್, ಹೋಲಿಕೆ 97.2%, ಐಜಿಎಚ್‌ವಿ 3-21, ಸಬ್‌ಸೆಟ್ 2' ಅಂತಿದೆ. ಓದಿದ ಕಡೆಯೆಲ್ಲ ಮ್ಯುಟೇಟೆಡ್ ಇದ್ದರೆ ಒಳ್ಳೆಯದು ಅಂತಾರೆ. ನಮ್ಮ ಡಾಕ್ಟರ್ ಮಾತ್ರ 3-21 ನೋಡಿ 'ಇದನ್ನು ಹತ್ತಿರದಿಂದ ಗಮನಿಸಬೇಕು' ಅಂದರು. ಹಾಗಂತ ಔಷಧಿಯನ್ನೂ ಕೊಡಲಿಲ್ಲ, ಮೂರು ತಿಂಗಳು ಬಿಟ್ಟು ಬನ್ನಿ ಅಂದರು. ಇದು ಒಳ್ಳೆಯ ರಿಪೋರ್ಟಾ, ಕೆಟ್ಟದ್ದಾ? ಈಗಲೇ ಚಿಕಿತ್ಸೆ ಶುರು ಮಾಡುವುದು ಮೇಲಲ್ವಾ? ಇದು ಜೀನ್ ಕಾಯಿಲೆ ಅಂದರೆ ನನಗೂ ಬರುತ್ತದಾ? ಟೆಸ್ಟ್ ಮತ್ತೆ ಮಾಡಿಸಬೇಕಾ?

ಉತ್ತರ: ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ನಿಮ್ಮ ನಿದ್ದೆ ಕೆಡಿಸುತ್ತಿರುವುದು ಅದೇ ಇರಬೇಕು. ಅಮ್ಮ ನೀವು ಹೇಳಿದಷ್ಟು ಆರಾಮಾಗಿದ್ದರೆ ಈಗ ಚಿಕಿತ್ಸೆ ಬೇಡ. ನಿಮ್ಮ ಡಾಕ್ಟರ್ ಹತ್ತಿರದಿಂದ ಗಮನಿಸಬೇಕು ಅಂದದ್ದೂ ಸರಿ, ಔಷಧಿ ಬರೆಯದೆ ಕಳಿಸಿದ್ದೂ ಸರಿ. ಈ ಜೀನ್ ಟೆಸ್ಟ್ ಎರಡು ವಿಷಯಕ್ಕೆ ಉಪಯೋಗ. ಕಾಯಿಲೆ ಯಾವ ವೇಗದಲ್ಲಿ ಬೆಳೆಯಬಹುದು ಅನ್ನುವ ಅಂದಾಜು ಸಿಗುತ್ತದೆ. ಮುಂದೆ ಔಷಧಿ ಬೇಕಾದಾಗ ಯಾವುದನ್ನು ಆರಿಸಬೇಕು ಅನ್ನುವುದಕ್ಕೆ ನೆರವಾಗುತ್ತದೆ. ಯಾವಾಗ ಶುರು ಮಾಡಬೇಕು ಅನ್ನುವುದಕ್ಕೆ ಮಾತ್ರ ಅದರಲ್ಲಿ ಉತ್ತರ ಇಲ್ಲ. ಅದಕ್ಕೆ ಅಮ್ಮನ ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಗ್ರಂಥಿಗಳ ಗಾತ್ರ ನೋಡಬೇಕು.

ಒಳ್ಳೆಯದಾ ಕೆಟ್ಟದ್ದಾ ಅನ್ನುವುದಕ್ಕೆ ಒಂದೇ ಮಾತಿನ ಉತ್ತರ ಕೊಟ್ಟರೆ ನಿಮಗೆ ಅನ್ಯಾಯವಾಗುತ್ತದೆ. ಆ ಒಂದು ಸಾಲನ್ನು ಬಿಡಿಸಿ ನೋಡೋಣ.

ಸಿಎಲ್‌ಎಲ್ ಅನ್ನುವುದು ಬಿ ಕೋಶ ಎಂಬ ಬಿಳಿ ರಕ್ತಕಣದ ಕಾಯಿಲೆ. ರೋಗಾಣುಗಳ ವಿರುದ್ಧ ಆಂಟಿಬಾಡಿ ತಯಾರಿಸುವುದು ಈ ಬಿ ಕೋಶಗಳ ಸಂತತಿಯೇ. ಆಂಟಿಬಾಡಿಗೇ ಇಮ್ಯುನೋಗ್ಲೋಬುಲಿನ್ ಅಂತಲೂ ಹೆಸರು. ಪ್ರತಿ ಬಿ ಕೋಶದ ಮೈಮೇಲೆ ಅದರದೇ ಆಂಟಿಬಾಡಿ ಅಂಟಿಕೊಂಡಿರುತ್ತದೆ. ಕೋಶ ಹೊರಗಿನದನ್ನು ಗುರುತಿಸುವುದು ಅದರಿಂದಲೇ, ಹಾಗಾಗಿ ಅದನ್ನು ಬಿ ಕೋಶದ ರಿಸೆಪ್ಟರ್ ಅನ್ನುತ್ತೇವೆ. ಇದರಲ್ಲಿ ಎರಡು ಹೆವಿ ಚೈನ್, ಎರಡು ಲೈಟ್ ಚೈನ್ ಇರುತ್ತವೆ. ಹೆವಿ ಚೈನಿನ ತುದಿ ಮಾಡಲು ಕೋಶ 14ನೇ ಕ್ರೋಮೋಸೋಮಿನಲ್ಲಿರುವ ಜೀನ್ ತುಣುಕುಗಳಿಂದ ಆರಿಸಿಕೊಳ್ಳುತ್ತದೆ. ನಲವತ್ತಕ್ಕೂ ಹೆಚ್ಚು 'ವಿ' ತುಣುಕುಗಳಲ್ಲಿ ಒಂದು, 'ಡಿ' ತುಣುಕುಗಳಲ್ಲಿ ಒಂದು, 'ಜೆ' ತುಣುಕುಗಳಲ್ಲಿ ಒಂದು. ಮೂರನ್ನೂ ಕತ್ತರಿಸಿ ಜೋಡಿಸುತ್ತದೆ. ಐಜಿಎಚ್‌ವಿ 3-21 ಅಂದರೆ ಹೆವಿ ಚೈನಿನ 'ವಿ' ತುಣುಕುಗಳಲ್ಲಿ 3ನೇ ಕುಟುಂಬಕ್ಕೆ ಸೇರಿದ್ದು, ಸಾಲಿನಲ್ಲಿ 21ನೇ ಜಾಗದ್ದು. ಅದು ಬರೀ ವಿಳಾಸ, ಅಪಾಯದ ಅಂಕಿ ಅಲ್ಲ.

ಅಮ್ಮನ ರಕ್ತದಲ್ಲಿರುವ ಸಿಎಲ್‌ಎಲ್ ಕೋಶಗಳೆಲ್ಲ ಎಂದೋ ಒಂದು ಬಿ ಕೋಶದಿಂದ ಹುಟ್ಟಿದವು. ಆ ಮೂಲ ಕೋಶ 3-21 ಆರಿಸಿಕೊಂಡಿತ್ತು, ಹಾಗಾಗಿ ಎಲ್ಲದರಲ್ಲೂ ಅದೇ ಇದೆ.

ಇನ್ನು 'ಮ್ಯುಟೇಟೆಡ್'. ಕ್ಯಾನ್ಸರ್ ರಿಪೋರ್ಟಿನಲ್ಲಿ ಮ್ಯುಟೇಶನ್ ಅಂತ ಕಂಡರೆ ಎದೆ ಧಸಕ್ ಅನ್ನುತ್ತದೆ. ಇಲ್ಲಿಯದು ಬೇರೆ ಥರ. ಬಿ ಕೋಶ ರೋಗಾಣುವನ್ನು ಎದುರಿಸಿದಾಗ ಲಿಂಫ್ ಗ್ರಂಥಿಯೊಳಗೆ ಹೋಗಿ ತನ್ನ 'ವಿ' ಜೀನನ್ನು ಬೇಕೆಂದೇ ಅಲ್ಲಲ್ಲಿ ತಿದ್ದಿಕೊಳ್ಳುತ್ತದೆ. ಎಐಡಿ ಅನ್ನುವ ಕಿಣ್ವ ಆ ಕೆಲಸ ಮಾಡುತ್ತದೆ. ಆಂಟಿಬಾಡಿ ಇನ್ನೂ ಬಿಗಿಯಾಗಿ ಹಿಡಿಯಲಿ ಅನ್ನುವುದು ಉದ್ದೇಶ. ಆರೋಗ್ಯವಂತರ ದೇಹದಲ್ಲೂ ದಿನಾ ನಡೆಯುವ ಕೆಲಸ ಇದು. ಸಿಎಲ್‌ಎಲ್ ಆಗಿ ಬದಲಾದ ಕೋಶ ಈ ತಿದ್ದುಪಡಿ ಆದಮೇಲಿನದ್ದೋ, ಆಗಿರದ್ದೋ ಅನ್ನುವುದಷ್ಟನ್ನೇ ಟೆಸ್ಟ್ ಕೇಳುತ್ತದೆ.

ಲ್ಯಾಬಿನವರು ಅಮ್ಮನ ಕೋಶದ 'ವಿ' ಜೀನನ್ನು ಮೂಲ ಜೀನಿನ ಪಕ್ಕ ಇಟ್ಟು ಹೋಲಿಸುತ್ತಾರೆ. 3-21ರಲ್ಲಿ ಸುಮಾರು 288 ಅಕ್ಷರಗಳಿವೆ. ಎಂಟು ಅಕ್ಷರ ಬೇರೆ ಇದ್ದರೆ ಹೋಲಿಕೆ 97.2% ಆಗುತ್ತದೆ. ಗೆರೆ ಎಳೆದಿರುವುದು 98ಕ್ಕೆ. ಹೋಲಿಕೆ 98 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅನ್‌ಮ್ಯುಟೇಟೆಡ್, ಕಡಿಮೆ ಇದ್ದರೆ ಮ್ಯುಟೇಟೆಡ್. ಈ 98 ಪ್ರಕೃತಿ ಎಳೆದ ಗೆರೆಯಲ್ಲ. ಹುಟ್ಟಿನಿಂದಲೇ ಜನರ 'ವಿ' ಜೀನುಗಳಲ್ಲಿ ಚೂರುಪಾರು ವ್ಯತ್ಯಾಸ ಇರುತ್ತದೆ, ಅದನ್ನು ತಿದ್ದುಪಡಿ ಅಂತ ತಪ್ಪಾಗಿ ಎಣಿಸದಿರಲಿ ಎಂದು ಮೊದಲಿಗೆ ಬಿಟ್ಟ ಅಂಚು ಅದು. ಅಮ್ಮನ 97.2 ಈ ಗೆರೆಗೆ ತೀರಾ ಹತ್ತಿರ. 97ರಿಂದ 98ರ ನಡುವಿನದನ್ನು ನಾವು ಗಡಿಯ ಕೇಸು ಅನ್ನುತ್ತೇವೆ. ಅಲ್ಲಿ 'ಮ್ಯುಟೇಟೆಡ್, ನಿಶ್ಚಿಂತೆಯಿಂದಿರಿ' ಅಂತ ನಾನಂತೂ ಹೇಳುವುದಿಲ್ಲ. ಸಬ್‌ಸೆಟ್ 2ರ ಸಾಲು ಇಲ್ಲದಿದ್ದರೂ ಹೇಳುತ್ತಿರಲಿಲ್ಲ.

ಈ ವ್ಯತ್ಯಾಸಕ್ಕೆ ಇಷ್ಟು ಬೆಲೆ ಬಂದದ್ದು 1999ರಲ್ಲಿ. ಇಂಗ್ಲೆಂಡಿನಲ್ಲಿ ಟೆರಿ ಹ್ಯಾಂಬ್ಲಿನ್ ಮತ್ತು ಫ್ರೀಡಾ ಸ್ಟೀವನ್‌ಸನ್ ಅವರ ತಂಡ, ನ್ಯೂಯಾರ್ಕಿನಲ್ಲಿ ನಿಕೊಲಸ್ ಕಿಯೊರಾಝಿ ಅವರ ತಂಡ, ಎರಡೂ ಬೇರೆ ಬೇರೆಯಾಗಿ ಒಂದೇ ವಿಷಯ ಕಂಡುಕೊಂಡು ಒಂದೇ ಪತ್ರಿಕೆಯಲ್ಲಿ ಪ್ರಕಟಿಸಿದವು. ಅನ್‌ಮ್ಯುಟೇಟೆಡ್ ಇದ್ದವರ ಕಾಯಿಲೆ ಬೇಗ ಬೆಳೆಯುತ್ತದೆ, ಮ್ಯುಟೇಟೆಡ್ ಇದ್ದವರದ್ದು ನಿಧಾನ. ಹ್ಯಾಂಬ್ಲಿನ್ ತಂಡ ನೋಡಿದ ಆರಂಭದ ಹಂತದ ರೋಗಿಗಳಲ್ಲಿ ಸರಾಸರಿ ಬದುಕು ಒಂದು ಗುಂಪಿಗೆ 95 ತಿಂಗಳು, ಇನ್ನೊಂದಕ್ಕೆ 293 ತಿಂಗಳು. ಇಂಟರ್‌ನೆಟ್ಟಿನಲ್ಲಿ ಈ ಅಂಕಿ ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ನೋಡಿ ಗಾಬರಿಯಾಗಬೇಡಿ, ಖುಷಿಯನ್ನೂ ಪಡಬೇಡಿ. ಅದು ನೂರಕ್ಕಿಂತ ಕಡಿಮೆ ರೋಗಿಗಳ ಲೆಕ್ಕ. ಜೊತೆಗೆ ಈಗಿನ ಔಷಧಿಗಳು ಒಂದೂ ಇಲ್ಲದ ಕಾಲದ್ದು.

ಹೀಗೇಕೆ ಆಗುತ್ತದೆ ಅನ್ನುವುದಕ್ಕೆ ಉತ್ತರ ರಿಸೆಪ್ಟರಿನಲ್ಲೇ ಇದೆ. ಸಿಎಲ್‌ಎಲ್ ಕೋಶ ಬದುಕುವುದೇ ಆ ರಿಸೆಪ್ಟರಿನಿಂದ ಬರುವ ಸಿಗ್ನಲ್‌ನಿಂದ. ಅನ್‌ಮ್ಯುಟೇಟೆಡ್ ರಿಸೆಪ್ಟರ್ ಅಷ್ಟೊಂದು ನಾಜೂಕಲ್ಲ, ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ. ಸಾಯುತ್ತಿರುವ ನಮ್ಮದೇ ಕೋಶಗಳ ಚೂರುಗಳಿಗೂ ಅಂಟಿಕೊಳ್ಳುತ್ತದೆ. ಹಾಗಾಗಿ ಸಿಗ್ನಲ್ ಸತತ, ಬೆಳೆಯುವ ಒತ್ತಡವೂ ಸತತ. ಮ್ಯುಟೇಟೆಡ್ ಗುಂಪಿನ ಬಹಳಷ್ಟು ಕೋಶಗಳು ಇದಕ್ಕೆ ತಿರುಗುಮುರುಗು. ಸಿಗ್ನಲ್ ಬಂದರೂ ಮಂಕಾಗಿ ಕೂತಿರುತ್ತವೆ.

ಇನ್ನು ಅಮ್ಮನ ರಿಪೋರ್ಟಿನ ಅಸಲಿ ಭಾಗಕ್ಕೆ ಬರೋಣ.

ವಿ, ಡಿ, ಜೆ ಜೋಡಣೆಯಲ್ಲಿ ಕೋಟ್ಯಂತರ ಸಾಧ್ಯತೆಗಳಿವೆ. ಸಂಬಂಧವೇ ಇಲ್ಲದ ಇಬ್ಬರು ರೋಗಿಗಳ ರಿಸೆಪ್ಟರ್ ಹೆಚ್ಚುಕಡಿಮೆ ಒಂದೇ ಆಗಿರುವುದು ಲೆಕ್ಕದ ಪ್ರಕಾರ ನಡೆಯಬಾರದು. ಸಿಎಲ್‌ಎಲ್‌ನಲ್ಲಿ ಅದು ನಡೆಯುತ್ತದೆ, ಅದೂ ಎಷ್ಟು ಜಾಸ್ತಿ! ಸುಮಾರು 30,000 ರೋಗಿಗಳ ಜೀನ್ ಹೋಲಿಸಿದ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 41% ಜನ ಇಂಥ ಯಾವುದಾದರೊಂದು ಗುಂಪಿಗೆ ಸೇರಿದ್ದರು. ಈ ಗುಂಪುಗಳಿಗೆ ಸಬ್‌ಸೆಟ್ ಅಂತ ಹೆಸರು, ನಂಬರ್ ಕೊಟ್ಟಿದ್ದಾರೆ. ಅಮ್ಮನದು ಅವುಗಳಲ್ಲೇ ಅತಿ ದೊಡ್ಡದು, ಸಬ್‌ಸೆಟ್ 2. ಒಟ್ಟು ಸಿಎಲ್‌ಎಲ್ ರೋಗಿಗಳಲ್ಲಿ ಸುಮಾರು 3% ಜನ ಇದರಲ್ಲಿ ಬರುತ್ತಾರೆ.

3-21 ಬೇರೆ ಥರ ನಡೆದುಕೊಳ್ಳುತ್ತದೆ ಅಂತ ಮೊದಲು ಗಮನಿಸಿದ್ದು ಸ್ವೀಡನ್ನಿನ ಉಪ್ಸಾಲದ ತಂಡ, 2002ರಲ್ಲಿ. ಈ ಜೀನ್ ಇದ್ದವರಲ್ಲಿ ಮ್ಯುಟೇಟೆಡ್ ಆಗಿದ್ದರೂ ಕಾಯಿಲೆ ನಿಧಾನವಾಗಿರಲಿಲ್ಲ. ಆಮೇಲಿನ ಕೆಲಸದಿಂದ ಚಿತ್ರ ಇನ್ನಷ್ಟು ಸ್ಪಷ್ಟವಾಯಿತು. 3-21 ಇದ್ದವರೆಲ್ಲರದ್ದೂ ಹಾಗಲ್ಲ. ಅವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಸಬ್‌ಸೆಟ್ 2ಕ್ಕೆ ಸೇರುತ್ತಾರೆ, ತೊಂದರೆ ಮುಖ್ಯವಾಗಿ ಅವರದ್ದು. ಉಳಿದವರಲ್ಲಿ ಮಾಮೂಲಿ ಮ್ಯುಟೇಟೆಡ್, ಅನ್‌ಮ್ಯುಟೇಟೆಡ್ ಲೆಕ್ಕವೇ ನಡೆಯುತ್ತದೆ. ಬರೀ '3-21' ಅಂತ ಬರೆದು ಸಬ್‌ಸೆಟ್ ಹೇಳದ ರಿಪೋರ್ಟ್ ಬಂದರೆ ನಾನು ಲ್ಯಾಬಿಗೆ ವಾಪಸ್ ಫೋನ್ ಮಾಡುತ್ತೇನೆ. ನಿಮ್ಮ ಲ್ಯಾಬ್ ಸಬ್‌ಸೆಟ್ ಕೂಡ ಬರೆದಿದೆ, ಒಳ್ಳೆಯ ಕೆಲಸ.

ಗುಟ್ಟು ಇರುವುದು ಲೈಟ್ ಚೈನಿನಲ್ಲಿ. ಸಬ್‌ಸೆಟ್ 2ರ ಕೋಶಗಳು ಹೆವಿ ಚೈನಿಗೆ ಐಜಿಎಚ್‌ವಿ 3-21 ಬಳಸಿದರೆ, ಲೈಟ್ ಚೈನಿಗೆ ಐಜಿಎಲ್‌ವಿ 3-21 ಬಳಸುತ್ತವೆ. ನಂಬರ್ ಒಂದೇ ಇರುವುದು ಕಾಕತಾಳೀಯ. ಎರಡನೆಯದು 22ನೇ ಕ್ರೋಮೋಸೋಮಿನ ಬೇರೆಯೇ ಜೀನ್. ಇದನ್ನು ಗೊಂದಲ ಮಾಡಿಕೊಂಡವರು ವೈದ್ಯರಲ್ಲೂ ಇದ್ದಾರೆ. ಈ ಲೈಟ್ ಚೈನಿನ 110ನೇ ಜಾಗದಲ್ಲಿ ಗ್ಲೈಸಿನ್ ಎಂಬ ಅಮೈನೊ ಆಮ್ಲ ಇರಬೇಕಾದಲ್ಲಿ ಆರ್ಜಿನಿನ್ ಕೂತಿರುತ್ತದೆ. ಇದಕ್ಕೆ ಆರ್110 ಅನ್ನುತ್ತಾರೆ. ಅಷ್ಟೇ ಸಾಕು, ಕೋಶದ ಮೈಮೇಲಿನ ಒಂದು ರಿಸೆಪ್ಟರ್ ಪಕ್ಕದ ರಿಸೆಪ್ಟರಿಗೇ ಅಂಟಿಕೊಂಡು ಸಿಗ್ನಲ್ ಹೊಡೆಯಲು ಶುರು ಮಾಡುತ್ತದೆ. ಯಾರೂ ಒತ್ತದೆ ಕಾಲಿಂಗ್ ಬೆಲ್ ತಾನೇ ಬಾರಿಸುತ್ತಾ ಇದ್ದ ಹಾಗೆ. ಮ್ಯುಟೇಟೆಡ್ ಕೋಶ ಮಂಕಾಗಿರಬೇಕು ಅನ್ನುವ ನಿಯಮ ಇಲ್ಲಿ ಮುರಿದುಬೀಳುವುದು ಇದರಿಂದ. ಹೆವಿ ಚೈನ್ ಬೇರೆ ಇದ್ದರೂ ಈ ಆರ್110 ಲೈಟ್ ಚೈನ್ ಇದ್ದವರ ಕಾಯಿಲೆ ಕೂಡ ಅನ್‌ಮ್ಯುಟೇಟೆಡ್ ಥರವೇ ನಡೆದುಕೊಳ್ಳುತ್ತದೆ ಅಂತ ಈಚಿನ ವರ್ಷಗಳಲ್ಲಿ ಗೊತ್ತಾಗಿದೆ.

ಸಬ್‌ಸೆಟ್ 2ರಲ್ಲಿ ಎಸ್‌ಎಫ್3ಬಿ1 ಎಂಬ ಜೀನಿನಲ್ಲಿ ದೋಷ ಸಿಗುವುದೂ ತುಂಬಾ ಸಾಮಾನ್ಯ, ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ. ಇನ್ನೊಂದು ಕಡೆ, ಎಲ್ಲಕ್ಕಿಂತ ಹೆಚ್ಚು ಹೆದರಿಸುವ ಟಿಪಿ53 ಜೀನಿನ ದೋಷ ಈ ಗುಂಪಿನಲ್ಲಿ ಅಪರೂಪ. ಇದು ನಿಜಕ್ಕೂ ಸಮಾಧಾನದ ಮಾತು, ಆದರೂ ಅಮ್ಮನದನ್ನು ಪರೀಕ್ಷಿಸಿಯೇ ತಿಳಿಯಬೇಕು.

ಉಳಿದ ಸಬ್‌ಸೆಟ್‌ಗಳ ಬಗ್ಗೆ ನೀವು ಹುಡುಕಿಯೇ ಹುಡುಕುತ್ತೀರಿ, ಹಾಗಾಗಿ ಎರಡು ಮಾತು. 4-34 ಜೀನಿನ ಸಬ್‌ಸೆಟ್ 4 ತೀರಾ ಮೆತ್ತಗಿನದು, ಎಷ್ಟೋ ಜನರಿಗೆ ವರ್ಷಗಟ್ಟಲೆ ಔಷಧಿಯೇ ಬೇಕಾಗುವುದಿಲ್ಲ. 4-39 ಜೀನಿನ ಸಬ್‌ಸೆಟ್ 8 ಅನ್‌ಮ್ಯುಟೇಟೆಡ್. ಅದು ಏಕಾಏಕಿ ಜೋರಾದ ಲಿಂಫೋಮಾ (ಲಿಂಫ್ ಗ್ರಂಥಿಗಳ ಕ್ಯಾನ್ಸರ್) ಆಗಿ ತಿರುಗುವ ಸಾಧ್ಯತೆ ಬೇರೆಯವುಗಳಿಗಿಂತ ಜಾಸ್ತಿ. ಇದಕ್ಕೆ ರಿಕ್ಟರ್ ಬದಲಾವಣೆ ಅಂತ ಹೆಸರು. 1-69 ಜೀನ್ ಅನ್‌ಮ್ಯುಟೇಟೆಡ್ ಗುಂಪಿನಲ್ಲಿ ಪದೇ ಪದೇ ಕಾಣುತ್ತದೆ. ಇಷ್ಟು ಬಿಟ್ಟರೆ, ದಿನನಿತ್ಯದ ಚಿಕಿತ್ಸೆಯಲ್ಲಿ ಜೀನಿನ ನಂಬರ್ ನೋಡಿ ನಿರ್ಧಾರ ಬದಲಾಗುವುದು ಕಡಿಮೆ. 3-23, 3-7 ಅಂತ ನಂಬರ್ ಹಿಡಿದು ರಾತ್ರಿಯೆಲ್ಲ ಹುಡುಕಾಡುವುದು ಸುಮ್ನೆ ತಲೆಬಿಸಿ.

ಒಂದು ಎಚ್ಚರಿಕೆ. ಸಿಎಲ್‌ಎಲ್-ಐಪಿಐ ಅನ್ನುವ ಸ್ಕೋರ್ ಲೆಕ್ಕ ಹಾಕುವ ಕ್ಯಾಲ್ಕುಲೇಟರ್ ನಿಮಗೆ ಸಿಗಬಹುದು. ಟಿಪಿ53 ದೋಷಕ್ಕೆ 4 ಅಂಕ, ಅನ್‌ಮ್ಯುಟೇಟೆಡ್‌ಗೆ 2, ರಕ್ತದಲ್ಲಿ ಬೀಟಾ-2 ಮೈಕ್ರೋಗ್ಲೋಬುಲಿನ್ ಎಂಬ ಪ್ರೋಟೀನ್ 3.5 ದಾಟಿದರೆ 2, ಕಾಯಿಲೆ ಆರಂಭದ ಹಂತ ದಾಟಿದ್ದರೆ 1, ವಯಸ್ಸು 65 ದಾಟಿದ್ದರೆ 1. ಒಳ್ಳೆಯ ಸ್ಕೋರೇ, ನಾನೂ ಬಳಸುತ್ತೇನೆ. ಆದರೆ ಅದಕ್ಕೆ ಸಬ್‌ಸೆಟ್ ಗೊತ್ತಿಲ್ಲ. ಅಮ್ಮನದು 'ಮ್ಯುಟೇಟೆಡ್' ಅಂತ ಒತ್ತಿದರೆ ಆ ಸಾಲಿಗೆ ಸೊನ್ನೆ ಬರುತ್ತದೆ, ಒಟ್ಟು ಅಪಾಯ ಇರುವುದಕ್ಕಿಂತ ಕಡಿಮೆ ತೋರುತ್ತದೆ. ಸಬ್‌ಸೆಟ್ 2 ಇದ್ದವರನ್ನು ನಾನು ಮನಸ್ಸಿನಲ್ಲಿ ಅನ್‌ಮ್ಯುಟೇಟೆಡ್ ಸಾಲಿಗೇ ಸೇರಿಸಿಕೊಂಡು ಯೋಚಿಸುತ್ತೇನೆ. ಮೂರು ತಿಂಗಳು ಬಿಟ್ಟು ಬನ್ನಿ ಅಂದ ನಿಮ್ಮ ಡಾಕ್ಟರ್ ಕೂಡ ಹಾಗೇ ಯೋಚಿಸಿದ್ದಾರೆ ಅನ್ನಿಸುತ್ತದೆ.

ಹಾಗಾದರೆ ಈಗಲೇ ಹೊಡೆದು ಹಾಕಿದರೆ ಆಗಲ್ವಾ? ಇದನ್ನು ಪ್ರಯೋಗ ಮಾಡಿಯೇ ನೋಡಿದ್ದಾರೆ. ಜರ್ಮನಿಯ ಸಿಎಲ್‌ಎಲ್ ತಂಡದ ಸಿಎಲ್‌ಎಲ್12 ಪ್ರಯೋಗದಲ್ಲಿ, ಲಕ್ಷಣ ಇಲ್ಲದ ಆದರೆ ಬೇಗ ಬೆಳೆಯುವ ಅಪಾಯ ಇದ್ದವರಿಗೆ ಒಂದು ಗುಂಪಿನಲ್ಲಿ ಇಬ್ರುಟಿನಿಬ್ ಮಾತ್ರೆ, ಇನ್ನೊಂದರಲ್ಲಿ ಔಷಧಿಯಿಲ್ಲದ ಮಾತ್ರೆ ಕೊಟ್ಟರು. ಇಬ್ರುಟಿನಿಬ್ ತೆಗೆದುಕೊಂಡವರಲ್ಲಿ ಕಾಯಿಲೆ ಬೆಳೆಯುವುದು ತಡವಾಯಿತು. ಆದರೆ ಅದರಿಂದ ಅವರ ಆಯಸ್ಸೇನೂ ಇನ್ನೊಂದು ಗುಂಪಿನವರಿಗಿಂತ ಹೆಚ್ಚಲಿಲ್ಲ. ರಕ್ತಸ್ರಾವ, ಹೃದಯದ ಬಡಿತದ ಏರುಪೇರಿನಂಥ ಅಡ್ಡಪರಿಣಾಮ ಮಾತ್ರ ಅನುಭವಿಸಿದರು. ಬೇಕಾಗುವ ಮೊದಲೇ ಔಷಧಿ ಕೊಡುವುದರಿಂದ ಲಾಭ ಇದೆ ಅಂತ ತೋರಿಸುವ ಪುರಾವೆ ಇವತ್ತಿಗೂ ಇಲ್ಲ.

ಶುರು ಮಾಡುವ ಸಮಯ ಹೇಗೆ ಗೊತ್ತಾಗುತ್ತದೆ? ಹಿಮೋಗ್ಲೋಬಿನ್ 10ಕ್ಕಿಂತ ಕೆಳಗೆ ಇಳಿಯುತ್ತಾ ಹೋದರೆ, ಪ್ಲೇಟ್‌ಲೆಟ್ ಒಂದು ಲಕ್ಷದ ಕೆಳಗೆ ಬಂದರೆ. ಗ್ರಂಥಿಗಳು ಅಥವಾ ಸ್ಪ್ಲೀನ್ (ಗುಲ್ಮ) ತೀರಾ ದಪ್ಪವಾಗಿ ತೊಂದರೆ ಕೊಟ್ಟರೆ. ಲಿಂಫೋಸೈಟ್ (ಬಿ ಕೋಶಗಳಂಥ ಬಿಳಿ ರಕ್ತಕಣ) ಸಂಖ್ಯೆ ಆರು ತಿಂಗಳೊಳಗೆ ದುಪ್ಪಟ್ಟಾದರೆ. ಆರು ತಿಂಗಳಲ್ಲಿ ತೂಕ ಕಾರಣವಿಲ್ಲದೆ 10% ಇಳಿದರೆ, ಸೋಂಕಿಲ್ಲದೆ ಎರಡು ವಾರ ಜ್ವರ ಬಂದರೆ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು ತಿಂಗಳಿಡೀ ಇದ್ದರೆ. ಬಿಳಿ ರಕ್ತಕಣದ ಸಂಖ್ಯೆ ಒಂದು ಲಕ್ಷ ದಾಟಿತು ಅನ್ನುವುದು ಒಂದೇ ಕಾರಣವಾಗುವುದಿಲ್ಲ. ಇದನ್ನು ಮನೆಯವರಿಗೆ ನಂಬಿಸುವುದು ಕಷ್ಟ ಅಂತ ನನಗೆ ಗೊತ್ತು.

ಆ ಸಮಯ ಬಂದಾಗ ಈ ಜೀನ್ ರಿಪೋರ್ಟಿಗೆ ಕೆಲಸ ಸಿಗುತ್ತದೆ. ಮೊದಲು ಎಫ್‌ಸಿಆರ್ ಎಂಬ ಕೀಮೋಥೆರಪಿಯ ಜೋಡಣೆ ಕೊಡುತ್ತಿದ್ದರು. ಅಮೆರಿಕದ ಎಂ.ಡಿ. ಆ್ಯಂಡರ್‌ಸನ್ ಕ್ಯಾನ್ಸರ್ ಕೇಂದ್ರದ ರೋಗಿಗಳಲ್ಲಿ ಸುಮಾರು 13 ವರ್ಷದ ನಂತರವೂ ಕಾಯಿಲೆ ಮರಳದೆ ಇದ್ದವರು ಮ್ಯುಟೇಟೆಡ್ ಗುಂಪಿನಲ್ಲಿ 54%, ಅನ್‌ಮ್ಯುಟೇಟೆಡ್ ಗುಂಪಿನಲ್ಲಿ 9%. ಅಂಥ ದೊಡ್ಡ ಅಂತರ! ಆದರೆ ಮ್ಯುಟೇಟೆಡ್‌ನ ಈ ಲಾಭ ಸಬ್‌ಸೆಟ್ 2ಕ್ಕೂ ಸಿಗುತ್ತದೆ ಅಂತ ಎಣಿಸಬಾರದು. ಅಮ್ಮನಿಗೆ ಯಾರಾದರೂ 'ಮ್ಯುಟೇಟೆಡ್ ಅಲ್ವಾ, ಎಫ್‌ಸಿಆರ್ ಕೊಡೋಣ' ಅಂದರೆ, ಸಬ್‌ಸೆಟ್ ನೋಡಿದ್ದೀರಾ ಅಂತ ಕೇಳಿ. ನನ್ನ ಇಡೀ ಉತ್ತರದಲ್ಲಿ ಬರೆದಿಟ್ಟುಕೊಳ್ಳಬೇಕಾದ ಸಾಲು ಇದ್ದರೆ ಇದೇ.

ಈಗ ಸಿಗುವ ಮಾತ್ರೆಗಳು ಲೆಕ್ಕವನ್ನೇ ಬದಲಿಸಿವೆ. ಇಬ್ರುಟಿನಿಬ್, ಅಕಲಾಬ್ರುಟಿನಿಬ್, ಝಾನುಬ್ರುಟಿನಿಬ್ ತಡೆಯುವುದು ಬಿಟಿಕೆ ಎಂಬ ಕಿಣ್ವವನ್ನು. ರಿಸೆಪ್ಟರಿನಿಂದ ಒಳಗೆ ಹೋಗುವ ಸಿಗ್ನಲ್ ದಾಟುವುದು ಅದರ ಮೂಲಕವೇ. ಸಿಗ್ನಲ್ಲೇ ಕಾಯಿಲೆಯ ಬಲ ಆದಾಗ ಸಿಗ್ನಲ್ ಕತ್ತರಿಸುವ ಔಷಧಿ ಕೆಲಸ ಮಾಡುವುದು ಸಹಜ. 2019ರಲ್ಲಿ ಪ್ರಕಟವಾದ ಇ1912 ಪ್ರಯೋಗದಲ್ಲಿ ಎಫ್‌ಸಿಆರ್ ಜೊತೆ ಇಬ್ರುಟಿನಿಬ್ ಮತ್ತು ರಿಟುಕ್ಸಿಮ್ಯಾಬ್ ಜೋಡಿಯನ್ನು ಹೋಲಿಸಿದರು. ಅನ್‌ಮ್ಯುಟೇಟೆಡ್ ಇದ್ದವರಲ್ಲಿ ಮೂರು ವರ್ಷದ ನಂತರ ಕಾಯಿಲೆ ಹತೋಟಿಯಲ್ಲಿದ್ದವರು ಎಫ್‌ಸಿಆರ್ ಕಡೆ 62.5%, ಇಬ್ರುಟಿನಿಬ್ ಕಡೆ 90.7%. ಮ್ಯುಟೇಟೆಡ್ ಗುಂಪಿನಲ್ಲಿ ಎರಡಕ್ಕೂ 88% ಆಸುಪಾಸು. ಅಂದರೆ ಈ ಮಾತ್ರೆ ತೆಗೆದುಕೊಂಡವರಲ್ಲಿ ಎರಡು ಗುಂಪಿನ ಅಂತರ ಹೆಚ್ಚುಕಡಿಮೆ ಅಳಿಸಿಹೋಗಿತ್ತು. ಇನ್ನೊಂದು ದಾರಿ ವೆನೆಟೊಕ್ಲ್ಯಾಕ್ಸ್ ಮತ್ತು ಒಬಿನುಟುಝುಮ್ಯಾಬ್, ಒಂದು ವರ್ಷ ಕೊಟ್ಟು ನಿಲ್ಲಿಸುವ ಚಿಕಿತ್ಸೆ. ಅದರಲ್ಲಿ ಅಂತರ ಇನ್ನೂ ಉಳಿದಿದೆ. ಅನ್‌ಮ್ಯುಟೇಟೆಡ್ ಇದ್ದವರಿಗೆ ಕಾಯಿಲೆ ಸ್ವಲ್ಪ ಬೇಗ ಮರಳುತ್ತದೆ, ಆದರೂ ಎಷ್ಟೋ ಜನ ಔಷಧಿಯಿಲ್ಲದೆ ಹಲವು ವರ್ಷ ಆರಾಮಾಗಿರುತ್ತಾರೆ. ನಿತ್ಯ ಮಾತ್ರೆಯೋ, ಒಂದು ವರ್ಷದ ಚಿಕಿತ್ಸೆಯೋ ಅನ್ನುವುದನ್ನು ಅಮ್ಮನ ಹೃದಯ, ಕಿಡ್ನಿ, ಅವರ ಇಷ್ಟ ಎಲ್ಲ ನೋಡಿ ಆಗ ಮಾತಾಡಬೇಕು.

ಕಾಯುವ ಈ ಸಮಯದಲ್ಲಿ ನ್ಯುಮೋನಿಯಾ ಮತ್ತು ಫ್ಲೂ ಲಸಿಕೆ ಹಾಕಿಸಿ. ಜೀವಂತ ವೈರಸ್ ಇರುವ ಲಸಿಕೆಗಳು ಬೇಡ. ಈ ಕಾಯಿಲೆಯಲ್ಲಿ ಒಳ್ಳೆಯ ಆಂಟಿಬಾಡಿಗಳು ಕಡಿಮೆಯಾಗುತ್ತವೆ, ಹಾಗಾಗಿ ಜ್ವರ ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ.

ನಿಮಗೆ ಬರುತ್ತದಾ ಅನ್ನುವ ಪ್ರಶ್ನೆ. ರಿಪೋರ್ಟಿನಲ್ಲಿರುವ ಜೋಡಣೆ, ತಿದ್ದುಪಡಿ ಎಲ್ಲವೂ ಅಮ್ಮನ ಒಂದು ಬಿ ಕೋಶದೊಳಗೆ ಅವರು ಹುಟ್ಟಿದ ಮೇಲೆ ಆದದ್ದು. ಅದು ಮಕ್ಕಳಿಗೆ ಹೋಗುವುದಿಲ್ಲ. 3-21 ಎಂಬ ಮೂಲ ಜೀನ್ ನಿಮ್ಮಲ್ಲೂ ಇದೆ, ನನ್ನಲ್ಲೂ ಇದೆ. ಹಾಗೆ ನೋಡಿದರೆ ಸಿಎಲ್‌ಎಲ್ ಕೆಲವು ಕುಟುಂಬಗಳಲ್ಲಿ ಜಾಸ್ತಿ ಕಾಣುವುದು ನಿಜ. ಸ್ವೀಡನ್ನಿನ ದೊಡ್ಡ ದಾಖಲೆಗಳ ಅಧ್ಯಯನದಲ್ಲಿ ರೋಗಿಯ ಮಕ್ಕಳು, ಒಡಹುಟ್ಟಿದವರಂಥ ಹತ್ತಿರದವರಿಗೆ ಅಪಾಯ ಸುಮಾರು 8 ಪಟ್ಟು ಇತ್ತು. ಕೇಳಲು ದೊಡ್ಡದು, ಆದರೆ ಕಾಯಿಲೆಯೇ ಅಪರೂಪವಾದ್ದರಿಂದ 8 ಪಟ್ಟು ಆದರೂ ಅದು ಸಣ್ಣ ಅಪಾಯವೇ. ಆರೋಗ್ಯವಾಗಿರುವ ಮಕ್ಕಳಿಗೆ ಇದಕ್ಕಾಗಿ ಟೆಸ್ಟ್ ಮಾಡಿಸಿ ಅಂತ ನಾವು ಹೇಳುವುದಿಲ್ಲ.

ಟೆಸ್ಟ್ ಮತ್ತೆ ಮಾಡಿಸುವ ವಿಚಾರ. ಐಜಿಎಚ್‌ವಿ ಟೆಸ್ಟ್ ಒಂದೇ ಸಲ ಸಾಕು. ಸಿಎಲ್‌ಎಲ್ ಎಷ್ಟು ವರ್ಷ ಕಳೆದರೂ ಆ ಫಲಿತಾಂಶ ಬದಲಾಗುವುದಿಲ್ಲ. ಲ್ಯಾಬಿನವರನ್ನು ಒಂದೇ ಮಾತು ಕೇಳಬಹುದು: ಜೀನನ್ನು ಶುರುವಿನ ಲೀಡರ್ ಭಾಗದಿಂದ ಪೂರ್ತಿ ಓದಿದ್ದೀರಾ? ಮಧ್ಯದಿಂದ ಓದಿದರೆ ಆರಂಭದ ಬದಲಾವಣೆಗಳು ಲೆಕ್ಕಕ್ಕೆ ಸಿಗುವುದಿಲ್ಲ, 97.2ರಂಥ ಗಡಿಯ ಅಂಕಿಯಲ್ಲಿ ಅದು ಮುಖ್ಯ. ಟಿಪಿ53 ಟೆಸ್ಟ್, ಮತ್ತು ಆ ಜೀನ್ ಇರುವ 17ನೇ ಕ್ರೋಮೋಸೋಮಿನ ತುಂಡು ಕಳೆದುಹೋಗಿದೆಯಾ ಅಂತ ನೋಡುವ ಫಿಶ್ ಟೆಸ್ಟ್ ಹಾಗಲ್ಲ. ಕಾಲ ಕಳೆದಂತೆ ಹೊಸದಾಗಿ ದೋಷ ಹುಟ್ಟಬಹುದು. ಹಾಗಾಗಿ ಮೊದಲ ಚಿಕಿತ್ಸೆಗೆ ಮುಂಚೆ ಒಮ್ಮೆ, ಮುಂದೆ ಔಷಧಿ ಬದಲಿಸಬೇಕಾಗಿ ಬಂದಾಗಲೆಲ್ಲ ಮತ್ತೊಮ್ಮೆ ಅವನ್ನು ಮಾಡಿಸಿ. ಈಗಿನ ರಿಪೋರ್ಟಿನ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಆಸ್ಪತ್ರೆ ಬದಲಿಸಿದರೆ ಜೊತೆಗೆ ಒಯ್ಯಿರಿ.